ಆಟ ಮುಗಿದು ಕೂಟ ಶುರುವಾದಾಗ: ‘ಕಿಲ್ ಬಿಲ್’ ಎರಡನೇ ಭಾಗವನ್ನು ಕುರಿತು

(ಶಿವಮೊಗ್ಗದಲ್ಲಿ ಸಿನಿಮಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ,

ಕ್ವೆಂಟಿನ್ ಟರಾಂಟಿನೊ ನಿರ್ದೇಶಿಸಿದ ‘ಕಿಲ್ ಬಿಲ್’ ಚಿತ್ರದ ಮೊದಲ ಭಾಗ ಅಮೆರಿಕದಲ್ಲಿ ತೆರೆಕಂಡದ್ದು 2003ರ ಅಕ್ಟೋಬರ್‌ನಲ್ಲಿ, ಎರಡನೇ ಭಾಗ 2004ರ ಏಪ್ರಿಲ್‌ನಲ್ಲಿ. ನಡುವಿನ ಆರು ತಿಂಗಳಲ್ಲಿ ಹೊಸದಾಗಿ ಬರೆದು ಚಿತ್ರೀಕರಿಸಿದ ಮುಂದುವರಿಕೆ ಇದಲ್ಲ. ಒಂದೇ ಚಿತ್ರವೆಂದು ಬರೆದು, ಒಂದೇ ಚಿತ್ರವೆಂದು ಚಿತ್ರೀಕರಿಸಿದ್ದು ತೀರಾ ಉದ್ದವಾಯಿತೆಂದು ನಡುವೆ ಕತ್ತರಿಸಿ ಎರಡಾಗಿ ಬಿಡುಗಡೆ ಮಾಡಿದರು. ಹೀಗಿದ್ದೂ ಎರಡನ್ನೂ ನೋಡಿದವರಿಗೆ ಇವು ಒಂದೇ ಕೈಯಿಂದ ಬಂದ ಎರಡು ಬೇರೆ ಚಿತ್ರಗಳೆಂದೇ ಅನ್ನಿಸುತ್ತದೆ. ಮೊದಲನೆಯದರಲ್ಲಿ ಉಸಿರುಗಟ್ಟಿಸುವಷ್ಟು ಹೊಡೆದಾಟವಿದೆ. ಎರಡನೆಯದರಲ್ಲಿ ಮಾತಿದೆ, ಕಾಯುವಿಕೆಯಿದೆ, ಮತ್ತೆ ಮಾತಿದೆ. ಮೊದಲನೆಯದರ ಕಾವು ಎರಡನೆಯದರಲ್ಲಿ ಇಲ್ಲವೆಂಬ ದೂರು ನೀವೂ ಕೇಳಿರುತ್ತೀರಿ. ಆ ಕೊರತೆ ನನ್ನನ್ನೂ ಕಾಡುತ್ತದೆ. ಆದರೆ ನನಗೆ ಮತ್ತೆ ಮತ್ತೆ ನೋಡಬೇಕೆನಿಸುವುದು ಎರಡನೆಯದನ್ನೇ. ಇವೆರಡೂ ಹೇಗೆ ಏಕಕಾಲಕ್ಕೆ ನಿಜವಾಗುತ್ತವೆ ಎಂಬುದನ್ನು ಈ ದಿನ ನಿಮ್ಮೆದುರು ಬಿಡಿಸಿಡಲು ಪ್ರಯತ್ನಿಸುತ್ತೇನೆ.

ಕಥೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಬಾಡಿಗೆ ಕೊಲೆಗಾರರ ಗುಂಪೊಂದರಲ್ಲಿದ್ದ ಹೆಣ್ಣೊಬ್ಬಳು ಗರ್ಭಿಣಿಯಾದದ್ದು ತಿಳಿದು, ಆ ಬದುಕನ್ನು ತೊರೆದು, ಟೆಕ್ಸಾಸಿನ ಎಲ್ ಪಾಸೊ ಊರಿನಲ್ಲಿ ಸಾಮಾನ್ಯನೊಬ್ಬನನ್ನು ಮದುವೆಯಾಗಲು ಸಿದ್ಧಳಾಗುತ್ತಾಳೆ. ಮದುವೆಯ ತಾಲೀಮು ನಡೆಯುತ್ತಿರುವಾಗಲೇ ಗುಂಪಿನ ಮುಖ್ಯಸ್ಥನೂ ಅವಳ ಪ್ರಿಯಕರನೂ ಆಗಿದ್ದ ಬಿಲ್ ತನ್ನವರೊಂದಿಗೆ ಬಂದು ಅಲ್ಲಿದ್ದವರನ್ನೆಲ್ಲ ಕೊಲ್ಲಿಸುತ್ತಾನೆ. ತಲೆಗೆ ಗುಂಡು ತಗುಲಿಯೂ ಬದುಕುಳಿದ ಆಕೆ ನಾಲ್ಕು ವರ್ಷಗಳ ನಂತರ ಎಚ್ಚೆತ್ತು, ಐದು ಹೆಸರುಗಳ ಪಟ್ಟಿ ಮಾಡಿ, ಒಬ್ಬೊಬ್ಬರನ್ನಾಗಿ ಹುಡುಕಿಕೊಂಡು ಹೊರಡುತ್ತಾಳೆ. ಮೊದಲ ಭಾಗ ಮುಗಿಯುವಾಗ ಇಬ್ಬರು ಸತ್ತಿರುತ್ತಾರೆ. ಉಳಿದವರು ಬಿಲ್‌ನ ತಮ್ಮ ಬಡ್, ಒಕ್ಕಣ್ಣಿನ ಎಲ್ ಡ್ರೈವರ್ ಮತ್ತು ಬಿಲ್. ಆಕೆಯ ಹೆಸರು ಬೀಟ್ರಿಕ್ಸ್ ಕಿಡ್ಡೊ ಎಂದು ನಮಗೆ ಸ್ಪಷ್ಟವಾಗಿ ತಿಳಿಯುವುದು ಎರಡನೇ ಭಾಗದಲ್ಲಿ.

ಮೊದಲ ಭಾಗದ ತುದಿಯಲ್ಲಿ ಟೋಕಿಯೊದ ಉಪಾಹಾರ ಮಂದಿರವೊಂದರಲ್ಲಿ ನಡೆಯುವ ಯುದ್ಧವನ್ನು ನೋಡಿದವರು ಮರೆಯುವುದಿಲ್ಲ. ಹಳದಿ ಉಡುಪಿನ ಒಬ್ಬ ಹೆಣ್ಣು, ಕಪ್ಪು ಸೂಟಿನ ಅಷ್ಟೊಂದು ಗಂಡಸರು, ನಡುವೆ ಬಣ್ಣವನ್ನೇ ಕಳಚಿ ಕಪ್ಪುಬಿಳುಪಾಗುವ ತೆರೆ, ಕಾರಂಜಿಯಂತೆ ಚಿಮ್ಮುವ ನೆತ್ತರು. ಇದನ್ನು ನಿಜವೆಂದು ಯಾರೂ ನಂಬಬೇಕಿಲ್ಲ, ನಂಬಿಸುವ ಉದ್ದೇಶವೂ ನಿರ್ದೇಶಕರಿಗಿಲ್ಲ. ಈ ಹೋರಾಟಗಳನ್ನು ರೂಪಿಸಿದ ಯುವೆನ್ ವೂ-ಪಿಂಗ್ ಹಾಂಗ್‌ಕಾಂಗ್ ಚಿತ್ರರಂಗದ ಹಿರಿಯರು. ಅವರ ತಂದೆ ಯುವೆನ್ ಸಿಯು-ಟಿನ್ ಪೀಕಿಂಗ್ ಆಪೆರಾದಲ್ಲಿ ಪಳಗಿ ಸಿನಿಮಾಕ್ಕೆ ಬಂದವರು. ಹಾಂಗ್‌ಕಾಂಗ್‌ನ ಹೊಡೆದಾಟದ ಚಿತ್ರಗಳ ಬೇರು ಬಹುಮಟ್ಟಿಗೆ ಆ ರಂಗಭೂಮಿಯಲ್ಲಿದೆ. ಅಲ್ಲಿ ಹಾರುವುದು, ತಿರುಗುವುದು, ಕತ್ತಿ ಬೀಸುವುದು ಎಲ್ಲವೂ ತಾಳಕ್ಕೆ ಕಟ್ಟಿದ ಚಲನೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಾದ ನಮಗೆ ಇಂಥ ಯುದ್ಧವನ್ನು ನೋಡುವ ಕಣ್ಣನ್ನು ಯಾರೂ ಹೊಸದಾಗಿ ಕೊಡಬೇಕಿಲ್ಲ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಆಟದಲ್ಲಿ ಕತ್ತಿ ಎದುರಾಳಿಯ ಮೈಗೆ ತಾಗುವುದಿಲ್ಲ, ತಾಗಬೇಕೆಂದು ನಾವು ಬಯಸುವುದೂ ಇಲ್ಲ. ಚಂಡೆ ಏರುತ್ತಾ ಹೋದಂತೆ ಅಭಿಮನ್ಯು ರಂಗದ ಸುತ್ತ ಮಂಡಿಯ ಮೇಲೆ ತಿರುಗುತ್ತಾ ಕುಣಿದರೆ, ಆ ಕಲಾವಿದನ ಉಸಿರು, ಕಾಲಿನ ಕಸುವು, ಲಯದ ಮೇಲಿನ ಹಿಡಿತ ಇವೇ ನಮಗೆ ಅಭಿಮನ್ಯುವಿನ ಶೌರ್ಯವಾಗುತ್ತವೆ. ಆದ್ದರಿಂದ ‘ಕಿಲ್ ಬಿಲ್’ ಮೊದಲ ಭಾಗದ ಹೊಡೆದಾಟವನ್ನು ನಾನು ಯುದ್ಧ ಕುಣಿತವಾಗಿಯೇ ನೋಡಿದೆ, ಹಾಗೆಯೇ ಸವಿದೆ.

ಆದರೆ ಅದೇ ಯಕ್ಷಗಾನಕ್ಕೆ ನಮ್ಮಲ್ಲಿ ಇನ್ನೊಂದು ರೂಪವಿದೆ. ಮಳೆಗಾಲದಲ್ಲಿ ಬಯಲಾಟದ ಮೇಳಗಳು ತಿರುಗಾಟ ನಿಲ್ಲಿಸಿದಾಗ, ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದಿನ ನಡುವೆ, ಮನೆಯ ಚಾವಡಿಯಲ್ಲೋ ದೇವಸ್ಥಾನದಲ್ಲೋ ತಾಳಮದ್ದಳೆಯ ಕೂಟ ಸೇರುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಪಾತ್ರಗಳ ಮಾತನ್ನು ಆಡುವ ಅರ್ಥಧಾರಿಗಳು ಎದುರುಬದುರಾಗಿ ಕೂರುತ್ತಾರೆ, ಭಾಗವತರು ಪದ್ಯ ಹೇಳುತ್ತಾರೆ, ಯುದ್ಧವೆಲ್ಲ ಮಾತಿನಲ್ಲಿ ನಡೆಯುತ್ತದೆ. ಆಟದ ಚಂಡೆಗೆ ಮನಸೋತವನಿಗೆ ಕೂಟ ಮೊದಲಿಗೆ ಸಪ್ಪೆಯೆನಿಸಬಹುದು. ಕಿವಿ ಒಗ್ಗಿದ ಮೇಲೆ, ಸಮಬಲದ ಇಬ್ಬರು ಅರ್ಥಧಾರಿಗಳ ನಡುವಿನ ಸಂವಾದಕ್ಕಿಂತ ತೀವ್ರವಾದ ಕಾಳಗ ಬೇರೊಂದಿಲ್ಲ ಎನಿಸುತ್ತದೆ. ‘ಕಿಲ್ ಬಿಲ್’ ಮೊದಲ ಭಾಗ ಆಟ, ಎರಡನೇ ಭಾಗ ಕೂಟ ಎಂಬುದು ನನ್ನ ತಿಳುವಳಿಕೆ. ನನ್ನ ಮೆಚ್ಚುಗೆ ಮತ್ತು ಅಸಮಾಧಾನ ಎರಡೂ ಇಲ್ಲಿಂದಲೇ ಹುಟ್ಟುತ್ತವೆ: ಕೂಟದ ಧರ್ಮವನ್ನು ಪಾಲಿಸಿದ ಕಡೆ ಈ ಚಿತ್ರ ಮೊದಲನೆಯದನ್ನು ಮೀರಿಸುತ್ತದೆ, ಪಾಲಿಸದ ಕಡೆ ಚಂಡೆಯ ನೆನಪನ್ನು ತಂದು ನೋಯಿಸುತ್ತದೆ.

ಎರಡನೇ ಭಾಗದ ಮೊದಲ ಅಧ್ಯಾಯವನ್ನೇ ನೋಡಿ. ಮೊದಲ ಭಾಗದಲ್ಲಿ ಬಿಲ್‌ನ ಮುಖವನ್ನು ಒಮ್ಮೆಯೂ ತೋರಿಸಿರಲಿಲ್ಲ; ದನಿ ಕೇಳಿಸಿತ್ತು, ಕತ್ತಿಯ ಮೇಲೆ ಆಡುವ ಕೈ ಕಂಡಿತ್ತು. ಬಣ್ಣದ ವೇಷವನ್ನು ತೆರೆಯ ಹಿಂದೆ ನಿಲ್ಲಿಸಿ, ಕಿರೀಟದ ತುದಿಯನ್ನೂ ಕಾಲಿನ ಹೆಜ್ಜೆಯನ್ನೂ ಮಾತ್ರ ಕಾಣಿಸುವ ನಮ್ಮ ಕ್ರಮವೇ ಇದು. ಹಾಗೆ ಕಾಯಿಸಿದ ರಕ್ಕಸ ತೆರೆ ಸರಿದಾಗ ಅಬ್ಬರಿಸಬೇಕು. ಇಲ್ಲಿ ತೆರೆ ಸರಿದರೆ ಕಾಣುವವನು ಪ್ರಾರ್ಥನಾ ಮಂದಿರದ ಜಗಲಿಯಲ್ಲಿ ಕೊಳಲು ನುಡಿಸುತ್ತಾ ಕೂತ, ವಯಸ್ಸಾದ, ನಯದ ಮಾತಿನ ಮನುಷ್ಯ. ಈ ಪಾತ್ರ ಮಾಡಿದ ಡೇವಿಡ್ ಕ್ಯಾರಡೀನ್ 1972ರಿಂದ 1975ರವರೆಗೆ ಅಮೆರಿಕದ ದೂರದರ್ಶನದಲ್ಲಿ ‘ಕುಂಗ್ ಫೂ’ ಎಂಬ ಧಾರಾವಾಹಿಯಲ್ಲಿ ಶಾಂತ ಸ್ವಭಾವದ ಶಾವೊಲಿನ್ ಸನ್ಯಾಸಿಯಾಗಿ ಮನೆಮಾತಾದವರು. ಆ ಸೌಮ್ಯತೆಯನ್ನೇ ಕೊಲೆಗಾರನ ಮೈಮೇಲೆ ಹೊದಿಸಿದ್ದಾರೆ. ಬಿಲ್ ಮತ್ತು ಬೀಟ್ರಿಕ್ಸ್ ಮಾತಾಡುತ್ತಾರೆ. ಅವನು ನಗುತ್ತಾನೆ, ಅವಳೂ ನಗುತ್ತಾಳೆ, ಅವಳ ಕಣ್ಣಿನಲ್ಲಿ ಹೆದರಿಕೆ ಮತ್ತು ಹಳೆಯ ಒಲವು ಒಟ್ಟಿಗೆ ಸುಳಿಯುತ್ತವೆ. ಬಳಿಕ ನಾಲ್ವರು ಬಂದೂಕು ಹಿಡಿದು ಒಳಗೆ ನಡೆಯುವಾಗ ಕ್ಯಾಮೆರಾ ಅವರೊಂದಿಗೆ ಒಳಗೆ ಹೋಗುವುದಿಲ್ಲ. ಹಿಂದೆ ಸರಿದು ಮೇಲೇರುತ್ತದೆ, ನಮಗೆ ಗುಂಡಿನ ಸದ್ದು ಮಾತ್ರ ಕೇಳಿಸುತ್ತದೆ. ಮೊದಲ ಭಾಗದಲ್ಲಿ ಕೈಕಾಲು ತುಂಡಾಗುವುದನ್ನೆಲ್ಲ ಎದುರೇ ನಿಲ್ಲಿಸಿ ತೋರಿಸಿದ ನಿರ್ದೇಶಕರು, ಇಡೀ ಕಥೆಗೆ ಮೂಲವಾದ ಹತ್ಯೆಯನ್ನು ತೋರಿಸದೆ ಬಿಟ್ಟಿದ್ದಾರೆ. ನಾವು ಆ ಜಗಲಿಯ ಮಾತು ಕೇಳಿಸಿಕೊಂಡಿರುವುದರಿಂದ ಆ ಸದ್ದೇ ಸಹಿಸಲು ಕಷ್ಟವಾಗುತ್ತದೆ.

ಬಡ್‌ನ ಪ್ರಸಂಗದಲ್ಲಿ ನಿರಾಸೆಯನ್ನೇ ಒಂದು ಉಪಾಯವಾಗಿ ಬಳಸಿದ್ದಾರೆ. ಮೈಕಲ್ ಮ್ಯಾಡ್ಸನ್ ಮಾಡಿದ ಈ ಬಡ್, ಮರುಭೂಮಿಯಲ್ಲಿ ಟ್ರೇಲರ್ ಮನೆಯೊಂದರಲ್ಲಿ ಒಬ್ಬನೇ ಕುಡಿಯುತ್ತಾ ಬದುಕುವವನು, ಬಾರೊಂದರಲ್ಲಿ ಕಾವಲು ಕೆಲಸಕ್ಕಿರುವವನು, ಮಾಲೀಕನಿಂದ ಬೈಗುಳ ತಿಂದು ತಲೆ ತಗ್ಗಿಸುವವನು. ಆ ಹೆಣ್ಣಿಗೆ ಸೇಡಿನ ಹಕ್ಕಿದೆ, ನಾವು ಸಾಯಲು ಯೋಗ್ಯರು ಎಂದು ಅಣ್ಣನಿಗೆ ನೇರವಾಗಿ ಹೇಳುವವನೂ ಅವನೇ. ಅಣ್ಣ ಕೊಟ್ಟ ಬೆಲೆಕಟ್ಟಲಾಗದ ಕತ್ತಿಯನ್ನು ಅಡವಿಟ್ಟೆನೆಂದು ಹೇಳುತ್ತಾನೆ. ಆ ಕತ್ತಿ ಮನೆಯಲ್ಲಿಯೇ ಗಾಲ್ಫ್ ಚೀಲದಲ್ಲಿದೆಯೆಂದು ಮುಂದೆ ತಿಳಿಯುತ್ತದೆ. ಇಂಥವನ ಬಾಗಿಲನ್ನು ಬೀಟ್ರಿಕ್ಸ್ ಕತ್ತಿ ಹಿಡಿದು ತೆರೆದಾಗ, ಟೋಕಿಯೊದ ಯುದ್ಧವನ್ನು ನೆನೆದು ನಾವು ಕುರ್ಚಿಯ ತುದಿಗೆ ಬರುತ್ತೇವೆ. ಅವನು ಕೂತಲ್ಲಿಂದಲೇ ಕಲ್ಲುಪ್ಪು ತುಂಬಿದ ಬಂದೂಕನ್ನು ಅವಳ ಎದೆಗೆ ಹಾರಿಸುತ್ತಾನೆ, ಅಲ್ಲಿಗೆ ಕಾಳಗ ಮುಗಿಯುತ್ತದೆ. ಮೊದಲ ಸಲ ನೋಡುವಾಗ ನನಗೆ ಸಿಟ್ಟು ಬಂದಿತ್ತು. ಈಗಲೂ ಆ ಕ್ಷಣದಲ್ಲಿ ಏನೋ ಕೈತಪ್ಪಿತೆಂಬ ಭಾವ ಬರುತ್ತದೆ. ಆದರೆ ನಂತರ ಬರುವ, ಅವಳನ್ನು ಪೆಟ್ಟಿಗೆಯಲ್ಲಿಟ್ಟು ಜೀವಂತ ಹೂಳುವ ದೃಶ್ಯ ಆ ಸಿಟ್ಟನ್ನು ತಿಂದುಹಾಕುತ್ತದೆ. ಪೆಟ್ಟಿಗೆಯ ಮುಚ್ಚಳಕ್ಕೆ ಒಂದೊಂದೇ ಮೊಳೆ ಬೀಳುತ್ತದೆ, ಬೆಳಕಿನ ಗೆರೆಗಳು ಒಂದೊಂದಾಗಿ ಅಳಿಯುತ್ತವೆ, ತೆರೆ ಪೂರ್ತಿ ಕಪ್ಪಾಗುತ್ತದೆ, ಮುಚ್ಚಳದ ಮೇಲೆ ಮಣ್ಣು ಬೀಳುವ ಸದ್ದು ಹತ್ತಿರದಿಂದ ದೂರಕ್ಕೆ ಸರಿಯುತ್ತಾ ಹೋಗುತ್ತದೆ. ಆ ಕತ್ತಲೆಯಲ್ಲಿ ಉಳಿಯುವುದು ಬೀಟ್ರಿಕ್ಸ್ ಪಾತ್ರ ಮಾಡಿದ ಊಮಾ ಥರ್ಮನ್ ಅವರ ಉಸಿರು ಮಾತ್ರ. ಹೊಡೆದಾಟದ ಚಿತ್ರವೊಂದು ಚಲನೆಯನ್ನೇ ಕಿತ್ತುಕೊಂಡು ನಾಯಕಿಯನ್ನು ಪರೀಕ್ಷಿಸುವ ಇಂಥ ಧೈರ್ಯವನ್ನು ನಾನು ಬೇರೆ ಕಡೆ ಕಂಡದ್ದು ಕಡಿಮೆ.

ಕತ್ತಲೆಯ ನಡುವೆ ಚಿತ್ರ ಹಿಂದಕ್ಕೆ ಹೊರಳಿ ಗುರು ಪೈ ಮೇಯ ಬಳಿಗೆ ಹೋಗುತ್ತದೆ. ಬಿಳಿ ಗಡ್ಡವನ್ನು ಕೈಯಿಂದ ಝಾಡಿಸುವ ಈ ಮುದುಕ 1970ರ ದಶಕದ ಹಾಂಗ್‌ಕಾಂಗ್‌ನ ಶಾ ಬ್ರದರ್ಸ್ ಸಂಸ್ಥೆಯ ಚಿತ್ರಗಳಲ್ಲಿ ಖಳನಾಗಿದ್ದವನು. 1978ರಲ್ಲಿ ಶಾವೊಲಿನ್ ಮಠದ ಶಿಷ್ಯನ ಪಾತ್ರದಿಂದ ಹೆಸರಾದ ಗಾರ್ಡನ್ ಲಿಯು ಇಲ್ಲಿ ಗುರುವಾಗಿದ್ದಾರೆ. ಮೊದಲ ಭಾಗದಲ್ಲಿ ನಾಯಕಿಯೊಡನೆ ಕಾದಾಡುವ ಗುಂಪಿನ ಮುಂದಾಳೂ ಅವರೇ. ಆ ಕಾಲದ ಚಿತ್ರಗಳಂತೆಯೇ ಕ್ಯಾಮೆರಾ ಸರಕ್ಕನೆ ಮುಖಕ್ಕೆ ನುಗ್ಗುತ್ತದೆ, ಗುರು ಶಿಷ್ಯೆಯ ಕತ್ತಿಯ ಅಲಗಿನ ಮೇಲೆಯೇ ನಿಲ್ಲುತ್ತಾನೆ. ಮೂರಂಗುಲ ದೂರದಿಂದ ಹಲಗೆಯನ್ನು ಗುದ್ದಿ ಒಡೆಯುವುದನ್ನು ಕಲಿಸುತ್ತಾನೆ. ಗುದ್ದಿ ಗುದ್ದಿ ರಕ್ತ ಸುರಿಯುವ ಕೈಯಲ್ಲಿ ಅವಳಿಗೆ ಊಟದ ಕಡ್ಡಿ ಹಿಡಿಯಲಾಗುವುದಿಲ್ಲ. ಕಡ್ಡಿ ಬಿಟ್ಟು ಬೆರಳಿನಿಂದ ಅನ್ನ ತೆಗೆದುಕೊಂಡಾಗ ಗುರು ಅದನ್ನು ಬಡಿದು ಬೀಳಿಸಿ, ನಾಯಿಯ ಹಾಗೆ ತಿನ್ನುವುದಾದರೆ ನಾಯಿಯ ಹಾಗೆ ಹೊರಗೆ ಮಲಗು ಎನ್ನುತ್ತಾನೆ. ಅನ್ನವನ್ನು ಕೈಯಲ್ಲಿ ಕಲಸಿ ಉಣ್ಣುವುದೇ ಮನುಷ್ಯರ ರೀತಿಯೆಂದು ಬೆಳೆದ ನನಗೆ ಆ ಮಾತು ಪ್ರತಿ ಸಲವೂ ಚುಚ್ಚುತ್ತದೆ. ಆದರೂ ನಡುಗುವ ಬೆರಳುಗಳು ಮತ್ತೆ ಕಡ್ಡಿಯನ್ನು ಹಿಡಿಯುವ ಆ ಹೊತ್ತಿನಲ್ಲಿ, ಗುರುವಿನ ಮುಖದಲ್ಲಿ ಮೆಚ್ಚುಗೆಯ ಸುಳಿವು ಮೂಡುವಾಗ, ಪೆಟ್ಟಿಗೆಯೊಳಗಿನ ಹೆಣ್ಣು ಯಾವ ಬಲದಿಂದ ಹೊರಬರುತ್ತಾಳೆಂಬುದು ನಮಗೆ ತಿಳಿದುಹೋಗುತ್ತದೆ. ಹಲಗೆ ಒಡೆದು ಅವಳು ಮಣ್ಣಿನಿಂದ ಮೇಲೇಳುವಾಗ ಹಳೆಯ ವೆಸ್ಟರ್ನ್ ಚಿತ್ರವೊಂದಕ್ಕೆ ಎನ್ನಿಯೊ ಮೊರಿಕೋನೆ ಮಾಡಿದ್ದ ಸಂಗೀತ ಮೊಳಗುತ್ತದೆ. ಕೂಟದ ನಡುವೆ ಚಂಡೆ ಬಂದಂತಾಗಿ ನನಗೆ ಮೈ ಜುಮ್ಮೆನ್ನುತ್ತದೆ.

ಇಷ್ಟು ಕಟ್ಟಿಕೊಟ್ಟ ಗುರುವಿನ ಸಾವನ್ನು ಮಾತ್ರ ಚಿತ್ರ ಅವಸರದಲ್ಲಿ ಮುಗಿಸಿದೆ ಎಂಬುದು ನನ್ನ ದೂರು. ತನ್ನ ಕಣ್ಣು ಕಿತ್ತದ್ದಕ್ಕೆ ಮೀನಿನ ಊಟದಲ್ಲಿ ವಿಷವಿಟ್ಟು ಕೊಂದೆನೆಂದು ಎಲ್ ಡ್ರೈವರ್ ಬೀಗುತ್ತಾಳೆ. ಅಲ್ಲಿಗೆ ಪೈ ಮೇಯ ವಿಷಯ ಮುಗಿಯಿತು. ಬೀಟ್ರಿಕ್ಸ್‌ಗೆ ದುಃಖಿಸಲು ಒಂದು ನಿಮಿಷವೂ ಸಿಗುವುದಿಲ್ಲ.

ಡ್ಯಾರಿಲ್ ಹ್ಯಾನಾ ಮಾಡಿದ ಈ ಎಲ್ ಡ್ರೈವರ್‌ಳೊಡನೆ ಟ್ರೇಲರ್‌ನಲ್ಲಿ ನಡೆಯುವ ಹೊಡೆದಾಟವನ್ನು ನಾನು ಎರಡೂ ಭಾಗಗಳಲ್ಲಿ ಅತ್ಯುತ್ತಮವೆಂದು ಎಣಿಸುತ್ತೇನೆ. ಮೊದಲ ಭಾಗದ ಯುದ್ಧಗಳಿಗೆ ವಿಶಾಲವಾದ ರಂಗವಿತ್ತು: ಮಹಡಿ, ನೃತ್ಯದ ಅಂಗಳ, ಹಿಮ ಬಿದ್ದ ತೋಟ. ಇಲ್ಲಿ ಇಬ್ಬರು ಎತ್ತರದ ಹೆಂಗಸರು ಕೈ ಚಾಚಲೂ ಆಗದ ಪೆಟ್ಟಿಗೆಯಂಥ ಮನೆಯಲ್ಲಿ ಸಿಕ್ಕಿಕೊಂಡಿದ್ದಾರೆ. ಕತ್ತಿಯನ್ನು ಒರೆಯಿಂದ ಎಳೆಯಲು ಹೋದರೆ ಓಣಿಯ ಗೋಡೆ ಅಡ್ಡ ಬರುತ್ತದೆ. ಅಷ್ಟು ಹೊತ್ತು ಪೂಜಿಸಿದ ಕತ್ತಿ ಅರ್ಧಕ್ಕೇ ಸಿಕ್ಕಿಕೊಳ್ಳುವ ಆ ಕ್ಷಣದಲ್ಲಿ ಶೈಲಿ ಹೋಗಿ ಬರಿಯ ಮೈ ಉಳಿಯುತ್ತದೆ. ದೀಪ, ಬಕೆಟ್ಟು, ಶೌಚದ ಗುಂಡಿ, ಕೈಗೆ ಸಿಕ್ಕಿದ್ದೆಲ್ಲ ಆಯುಧವಾಗುತ್ತದೆ. ಅದರ ಕೊನೆ ಕತ್ತಿಯಿಂದಲೂ ಆಗುವುದಿಲ್ಲ. ಬೆರಳಿನಿಂದ ಉಳಿದ ಕಣ್ಣನ್ನು ಕೀಳುವುದರಿಂದ ಆಗುತ್ತದೆ. ಕನ್ನಡದಲ್ಲಿ ಗಿರೀಶ ಕಾರ್ನಾಡರು 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಚಿತ್ರ ಮಾಡಿದಾಗ ಶಂಕರನಾಗ್ ಮತ್ತು ಸುಂದರಕೃಷ್ಣ ಅರಸರ ಕಾದಾಟದಲ್ಲಿ ನಾವು ಕಂಡ ಮೈಭಾರ, ಆಯಾಸ, ಮಣ್ಣಿನ ಸಂಬಂಧ ಇವೇ ಇಲ್ಲಿಯೂ ಇವೆ. ಆ ನೋವು ನೋಡುವವನಿಗೂ ತಟ್ಟುತ್ತದೆ.

ಮೈಯ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಈ ಚಿತ್ರಕ್ಕಾಗಿ ಕಾರು ಓಡಿಸುವ ದೃಶ್ಯವನ್ನು ಚಿತ್ರೀಕರಿಸುವಾಗ ತಮಗೆ ಅಪಘಾತವಾಗಿ ಕುತ್ತಿಗೆ ಮತ್ತು ಮೊಣಕಾಲಿಗೆ ಶಾಶ್ವತ ಹಾನಿಯಾಯಿತೆಂದು, ಆ ಕಾರನ್ನು ಓಡಿಸಲು ತಮಗೆ ಮನಸ್ಸಿರಲಿಲ್ಲವೆಂದು ಊಮಾ ಥರ್ಮನ್ 2018ರಲ್ಲಿ ಬಹಿರಂಗವಾಗಿ ಹೇಳಿದರು. ಅದು ತಮ್ಮ ಬದುಕಿನ ದೊಡ್ಡ ವಿಷಾದಗಳಲ್ಲಿ ಒಂದೆಂದು ಟರಾಂಟಿನೊ ಕೂಡ ಒಪ್ಪಿಕೊಂಡರು. ಇದನ್ನು ತಿಳಿದ ಮೇಲೆ, ಬೀಟ್ರಿಕ್ಸ್ ಕಾರು ಓಡಿಸುವ ಚೂರುಗಳನ್ನು ನಾನು ಮೊದಲಿನ ಮನಸ್ಸಿನಿಂದ ನೋಡಲಾರೆ. ಕುಣಿತವೆಂದು ನಾವು ಸವಿಯುವುದಕ್ಕೆ ಒಂದು ನಿಜವಾದ ಮೈ ಬೆಲೆ ತೆತ್ತಿರುತ್ತದೆ. ಆ ಬೆಲೆಯನ್ನು ಆ ಮೈಯವರು ಒಪ್ಪಿ ತೆತ್ತರೇ ಎಂಬ ಪ್ರಶ್ನೆ ಪ್ರೇಕ್ಷಕನಿಗೂ ಸೇರಿದ್ದು.

ಈಗ ಬಿಲ್‌ನ ಮನೆಗೆ ಬರೋಣ. ಬಂದೂಕು ಹಿಡಿದು ಒಳನುಗ್ಗಿದ ಬೀಟ್ರಿಕ್ಸ್ ಎದುರಿಗೆ, ಸತ್ತಿದೆಯೆಂದು ತಾನು ನಂಬಿದ್ದ ಮಗು ನಾಲ್ಕು ವರ್ಷದ ಹುಡುಗಿಯಾಗಿ, ಆಟಿಕೆಯ ಬಂದೂಕು ಹಿಡಿದು ನಿಂತಿರುತ್ತದೆ. ಥರ್ಮನ್ ಅವರ ಮುಖ ಆಗ ಕುಸಿಯುವ ರೀತಿಯನ್ನು ಕಂಡರೆ, ಇಷ್ಟು ಹೊತ್ತೂ ಅದು ಎಷ್ಟು ಬಿಗಿಯಾಗಿತ್ತೆಂದು ಅರ್ಥವಾಗುತ್ತದೆ. ಮಗಳು ಬಿ.ಬಿ. ತಾನು ತುಳಿದು ಕೊಂದ ಮೀನಿನ ಕಥೆಯನ್ನು ಬಿಲ್‌ನ ಬಾಯಿಂದ ಕೇಳುವುದು, ಸಾವೆಂದರೇನೆಂದು ಆ ಮಗು ಕಲಿತದ್ದು, ಇವೆಲ್ಲ ಬಹಳ ಸೂಕ್ಷ್ಮವಾಗಿವೆ.

ಅನಂತರ ಬಿಲ್ ಅವಳ ಕಾಲಿಗೆ ಸತ್ಯ ನುಡಿಸುವ ಔಷಧದ ಬಾಣ ಬಿಟ್ಟು, ಸೂಪರ್‌ಮ್ಯಾನ್ ಬಗ್ಗೆ ದೀರ್ಘ ಭಾಷಣ ಮಾಡುತ್ತಾನೆ. ಬೇರೆ ವೀರರು ವೇಷ ತೊಟ್ಟು ವೀರರಾಗುತ್ತಾರೆ, ಸೂಪರ್‌ಮ್ಯಾನ್ ಹುಟ್ಟಿನಿಂದಲೇ ವೀರ, ಅವನ ಸಾಮಾನ್ಯ ಮನುಷ್ಯನ ರೂಪವೇ ವೇಷ. ಹಾಗೆಯೇ ನೀನೂ ಹುಟ್ಟು ಕೊಲೆಗಾರ್ತಿ, ನಿನ್ನ ಸಂಸಾರವೆಲ್ಲ ವೇಷ ಎಂಬುದು ಅವನ ವಾದ. ವಾದ ಜಾಣತನದ್ದು, ಕ್ಯಾರಡೀನ್ ಅದನ್ನು ಸೊಗಸಾಗಿ ಹೇಳುತ್ತಾರೆ. ಆದರೆ ಕೂಟದಲ್ಲಿ ಒಬ್ಬ ಅರ್ಥಧಾರಿ ಪ್ರಸಂಗವನ್ನು ಮರೆತು ತನ್ನ ಪಾಂಡಿತ್ಯವನ್ನೇ ಹರಡುತ್ತಾ ಹೋದರೆ ಎದುರಿನವನು ಸುಮ್ಮನೆ ಕೂತುಬಿಡಬೇಕಾಗುತ್ತದೆ, ಸಭೆಯ ಕಳೆ ಅಲ್ಲಿಯೇ ಇಳಿಯುತ್ತದೆ. ಬಿಲ್‌ಗೆ ಅಷ್ಟುದ್ದದ ಮಾತು ಕೊಟ್ಟ ಚಿತ್ರ ಬೀಟ್ರಿಕ್ಸ್‌ಗೆ ಚುಟುಕು ಉತ್ತರಗಳನ್ನು ಕೊಟ್ಟಿದೆ, ಅವನ್ನೂ ಔಷಧದ ಬಲದಿಂದ ಹೊರಡಿಸಿದೆ. ಎರಡೂ ಭಾಗಗಳನ್ನು ಹೆಗಲ ಮೇಲೆ ಹೊತ್ತವಳಿಗೆ ಕೊನೆಯ ಸಂವಾದದಲ್ಲಿ ಸಮನಾದ ಮಾತು ದಕ್ಕದಿರುವುದು ನನಗೆ ಈ ಚಿತ್ರದ ಅತಿ ದೊಡ್ಡ ಕೊರತೆಯಾಗಿ ಕಾಣುತ್ತದೆ. ಎಲ್ ಪಾಸೊದ ಆ ಬದುಕು ನಡೆಯುತ್ತಿತ್ತೆಂದು ನಂಬಿದ್ದೆಯಾ ಎಂಬ ಪ್ರಶ್ನೆಗೆ ಅವಳು ಇಲ್ಲವೆಂದು, ಆದರೆ ಮಗಳಾದರೂ ನನ್ನ ಬಳಿ ಇರುತ್ತಿದ್ದಳೆಂದು ಹೇಳುತ್ತಾಳೆ. ಆ ಒಂದು ಮಾತು ಬಿಲ್‌ನ ಇಡೀ ಭಾಷಣಕ್ಕಿಂತ ತೂಕದ್ದು. ಅಂಥ ಮಾತುಗಳು ಇನ್ನೂ ಬೇಕಿದ್ದವು.

ಕೊನೆಯ ಕಾಳಗದಲ್ಲಿ ಚಿತ್ರ ತನ್ನನ್ನು ತಾನೇ ಎತ್ತಿಕೊಳ್ಳುತ್ತದೆ. ಬಿಲ್ ಮತ್ತು ಬೀಟ್ರಿಕ್ಸ್ ಅಂಗಳದಲ್ಲಿ ಎದುರುಬದುರಾಗಿ ಕುರ್ಚಿಯ ಮೇಲೆ ಕೂತಿರುತ್ತಾರೆ, ಕೂತೇ ಹೊಡೆದಾಡುತ್ತಾರೆ. ಕೆಲವೇ ಕ್ಷಣ. ಅವಳ ಕತ್ತಿ ಕೈಜಾರುತ್ತದೆ, ಅವಳು ಖಾಲಿ ಒರೆಯಿಂದ ಅವನ ಕತ್ತಿಯನ್ನು ಹಿಡಿದು ಕಟ್ಟಿಹಾಕಿ, ಪೈ ಮೇ ಬೇರಾರಿಗೂ ಕಲಿಸದ ಐದು ಬೆರಳಿನ ಪೆಟ್ಟನ್ನು ಅವನ ಎದೆಗೆ ಕೊಡುತ್ತಾಳೆ. ಆ ಪೆಟ್ಟು ತಿಂದವನು ಐದು ಹೆಜ್ಜೆ ನಡೆದರೆ ಹೃದಯ ಒಡೆದು ಸಾಯುತ್ತಾನೆ, ನಡೆಯುವವರೆಗೆ ಬದುಕಿರುತ್ತಾನೆ. ಸಾವು ನಿಶ್ಚಯವಾದ ಮೇಲೆ ಮಾತಿಗೆ ಸಿಕ್ಕ ಈ ಬಿಡುವನ್ನು ಕಂಡಾಗ ನನಗೆ ‘ವಾಲಿವಧೆ’ಯ ಕೂಟ ನೆನಪಾಗುವುದು ಸಹಜ. ಅಲ್ಲಿಯೂ ರಾಮನ ಬಾಣ ಎದೆಯಲ್ಲಿ ನಾಟಿದ ಮೇಲೆಯೇ ವಾಲಿಯ ನಿಜವಾದ ಮಾತು ಶುರುವಾಗುತ್ತದೆ, ಪ್ರಸಂಗದ ಜೀವವೆಲ್ಲ ಆ ಸಾಯುವವನ ಪ್ರಶ್ನೆಗಳಲ್ಲಿದೆ. ಇಲ್ಲಿ ಇಬ್ಬರೂ ಮೊದಲ ಬಾರಿಗೆ ಸಮಾನರಾಗಿ ಮಾತಾಡುತ್ತಾರೆ, ಸುಳ್ಳಿಲ್ಲದೆ, ಔಷಧವಿಲ್ಲದೆ. ಗುರು ಇದನ್ನು ಕಲಿಸಿದ್ದನ್ನು ನನಗೇಕೆ ಹೇಳಲಿಲ್ಲವೆಂದು ಅವನು ಕೇಳುತ್ತಾನೆ. ಅವಳು ಅಳುತ್ತಾಳೆ. ಅವನು ಕೋಟಿನ ಗುಂಡಿ ಹಾಕಿಕೊಂಡು ಎದ್ದು ಹೆಜ್ಜೆ ಇಡುತ್ತಾನೆ. ಎರಡು ಚಿತ್ರಗಳ ಉದ್ದಕ್ಕೂ ನಾವು ಕಾದ ಯುದ್ಧ ಹೀಗೆ ಮುಗಿಯಿತೆಂದು ಬೇಸರಪಡುವವರನ್ನು ನಾನು ಬಲ್ಲೆ. ನನಗೆ ಇದಕ್ಕಿಂತ ನ್ಯಾಯವಾದ ಮುಕ್ತಾಯ ತೋಚುವುದಿಲ್ಲ.

ಆದರೆ ಒಂದು ಪ್ರಶ್ನೆಯನ್ನು ಚಿತ್ರ ಎತ್ತದೆ ಬಿಟ್ಟಿದೆ. ಮೊದಲ ಭಾಗದಲ್ಲಿ ಬೀಟ್ರಿಕ್ಸ್ ಪಟ್ಟಿಯಲ್ಲಿದ್ದ ವರ್ನಿಟಾ ಗ್ರೀನ್‌ಳ ಮನೆಯಲ್ಲಿ ಹೊಡೆದಾಡುವಾಗ ಶಾಲೆಯ ಬಸ್ಸು ಬಂದು ನಿಲ್ಲುತ್ತದೆ, ಇಬ್ಬರೂ ಚಾಕುಗಳನ್ನು ಬೆನ್ನ ಹಿಂದೆ ಮರೆಸುತ್ತಾರೆ. ಒಳಗೆ ಬಂದ ಪುಟ್ಟ ಹುಡುಗಿ ನಿಕ್ಕಿ ಕೆಲವು ನಿಮಿಷಗಳ ನಂತರ ತಾಯಿಯ ಹೆಣವನ್ನು ನೋಡುತ್ತಾಳೆ. ಬೆಳೆದ ಮೇಲೂ ಈ ನೋವು ಆರದಿದ್ದರೆ ನಾನು ಕಾದಿರುತ್ತೇನೆ ಎಂದು ಬೀಟ್ರಿಕ್ಸ್ ಅವಳಿಗೆ ಹೇಳಿ ಹೊರಡುತ್ತಾಳೆ. ಎರಡನೇ ಭಾಗದಲ್ಲಿ, ಆ ಔಷಧದ ಪ್ರಭಾವದಲ್ಲಿ, ನನ್ನನ್ನು ತಲುಪಲು ನೀನು ಕೊಂದವರೆಲ್ಲರನ್ನು ಕೊಲ್ಲುವಾಗ ಹಿತವೆನಿಸಿತಲ್ಲವೇ, ಒಬ್ಬೊಬ್ಬರನ್ನು ಕೊಂದಾಗಲೂ ಹಾಗೆಯೇ ಅಲ್ಲವೇ ಎಂದು ಬಿಲ್ ಕೇಳುತ್ತಾನೆ. ಅವಳು ಹೌದೆನ್ನುತ್ತಾಳೆ. ಆ ಎಲ್ಲರಲ್ಲಿ ನಿಕ್ಕಿಯ ತಾಯಿಯೂ ಸೇರಿದ್ದಾಳೆ. ಆಗ ಪಕ್ಕದ ಕೋಣೆಯಲ್ಲಿ ಬೀಟ್ರಿಕ್ಸ್‌ಳ ಸ್ವಂತ ಮಗಳು ಮಲಗಿರುತ್ತಾಳೆ. ಅಷ್ಟು ಉದ್ದದ ಮಾತಿನಲ್ಲಿ, ಆ ಒಂದು ಹೌದು ಎಂಬ ಉತ್ತರದ ಮುಂದೆ, ನಿಕ್ಕಿಯ ಹೆಸರು ಯಾರ ಬಾಯಿಂದಲಾದರೂ ಒಮ್ಮೆ ಬಂದಿದ್ದರೆ ಈ ಚಿತ್ರದ ಬಗ್ಗೆ ನನ್ನ ಮನಸ್ಸಿನಲ್ಲಿ ಉಳಿದಿರುವ ತಕರಾರು ಬಹಳ ಮಟ್ಟಿಗೆ ಇಲ್ಲವಾಗುತ್ತಿತ್ತು.